ಹುತ್ತವಿದ್ದ ಸೈಟು

ಶಿವರಾತ್ರಿ ಹತ್ತಿರ ಬಂತೆಂದರೆ ನಮ್ಮ ಮನೆಯಲ್ಲಿ ಒಗೆದ ಬಟ್ಟೆ ಹರವುವ ಮುಂಚೆ ಗುಡ್ಡ ನೋಡುವುದು ರೂಢಿಯಾಗಿತ್ತು. ಬಕೆಟ್ ಹಿಡಿದು ತಾರಸಿ ಹತ್ತಿದವರು ಮೊದಲು ಗುಡ್ಡದ ಕಡೆ ತಿರುಗಬೇಕು. ಎಲ್ಲಾದರೂ ಹೊಗೆ ಎದ್ದಿದೆಯೇ, ಗಾಳಿ ಯಾವ ಕಡೆಗಿದೆ, ನೋಡಬೇಕು. ಹೊಗೆ ಕಂಡರೆ ಬಟ್ಟೆ ಬಕೆಟ್ಟಿನಲ್ಲೇ ವಾಪಸ್ಸು, ಕಿಟಕಿಗಳು ಬಂದ್, ಅಮ್ಮ ಹಿಂದಿನ ರೂಮಿಗೆ. ಬೇರೆಯವರು ಮಳೆಗೆ ಹೆದರಿ ಬಟ್ಟೆ ಎತ್ತುತ್ತಾರೆ. ನಾವು ಬೂದಿಗೆ ಹೆದರಿ ಎತ್ತುತ್ತಿದ್ದೆವು.

ಆ ಮನೆ ಕಟ್ಟಿದ್ದೇ ಅಮ್ಮನ ಉಸಿರಿಗಾಗಿ. ಅದಕ್ಕೆ ಮುಂಚೆ, ನಾನು ಹುಟ್ಟಿದಾಗಿನಿಂದಲೂ, ನಾವು ಸಿದ್ದಾಪುರದ ಒಂದು ಗಲ್ಲಿಯಲ್ಲಿ ಬಾಡಿಗೆಗಿದ್ದೆವು. ಕೆಳಗೆ ಬೋಂಡ ಬಜ್ಜಿ ಅಂಗಡಿ, ಪಕ್ಕದಲ್ಲಿ ಊದುಬತ್ತಿ ಹೊಸೆಯುವವರ ಮನೆ, ಎದುರಿಗೆ ಆಟೋ ಗ್ಯಾರೇಜು. ಅಮ್ಮನಿಗೆ ದಮ್ಮು. ಕರಿದ ಎಣ್ಣೆಯ ಹೊಗೆ ಮಹಡಿ ಹತ್ತಿತೆಂದರೆ ಮಂಚದ ಅಂಚಿನಲ್ಲಿ ಕೂತು, ಎರಡೂ ಕೈ ಮಂಡಿಗೆ ಊರಿ, ಭುಜ ಎತ್ತಿ ಎತ್ತಿ ಉಸಿರೆಳೆಯುತ್ತಿದ್ದಳು. ಮಾತು ನಿಂತುಹೋಗುತ್ತಿತ್ತು. ಏನು ಬೇಕೆಂದರೂ ಕೈಸನ್ನೆ. ಬೆರಳು ಮಡಚಿ ತುಟಿಗೆ ಹಿಡಿದರೆ ಬಿಸಿನೀರು, ಅಂಗೈ ಬೀಸಿದರೆ ಕಿಟಕಿ ತೆಗಿ, ಎರಡು ಸಲ ಬೀಸಿದರೆ ಅಪ್ಪನನ್ನು ಕರೆ. ಓದು ಕಲಿಯುವ ಮುಂಚೆ ನಾನು ಆ ಸನ್ನೆಗಳನ್ನು ಓದಲು ಕಲಿತಿದ್ದೆ. ಡಾಕ್ಟರು ಪ್ರತಿ ಸಲವೂ ಬಾಯಿಗೆ ಹೊಡೆದುಕೊಳ್ಳುವ ಪಂಪು ಬರೆದುಕೊಟ್ಟು, ಕೊನೆಗೆ "ಗಾಳಿ ಬದಲಾಯಿಸಿ" ಅನ್ನುತ್ತಿದ್ದರು. ಗಾಳಿಯೇನು ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆಯೇ ಎಂದು ನನಗೆ ಸಿಟ್ಟು ಬರುತ್ತಿತ್ತು.

ಅಪ್ಪ ಮಾತ್ರ ಆ ಮಾತನ್ನು ಮನಸ್ಸಿನಲ್ಲೇ ಗಂಟು ಹಾಕಿಟ್ಟುಕೊಂಡಿದ್ದರು. ಫ್ಯಾಕ್ಟರಿಯಿಂದ ರಿಟೈರಾದವರೇ ಬನಶಂಕರಿ ಆರನೇ ಹಂತದ ಕಟ್ಟಕಡೆಗೆ, ಕುರುಚಲು ಕಾಡಿನ ಒಂದು ಗುಡ್ಡದ ಬುಡದಲ್ಲಿ ಮನೆ ಕಟ್ಟಿಸಿದರು. ಎರಡು ಸಾವಿರದ ಇಸವಿ ಕಳೆದು ಸ್ವಲ್ಪವೇ ಕಾಲವಾಗಿತ್ತು. ರಸ್ತೆಗೆ ಟಾರಿರಲಿಲ್ಲ, ನಲ್ಲಿಯಲ್ಲಿ ನೀರಿರಲಿಲ್ಲ, ಬಸ್ಸಿಳಿದ ಮೇಲೆ ಮನೆ ಸೇರುವಷ್ಟರಲ್ಲಿ ಕಾಲು ಬಿದ್ದುಹೋಗುತ್ತಿತ್ತು. ಗೃಹಪ್ರವೇಶಕ್ಕೆ ಬಂದ ಚಿಕ್ಕಮ್ಮ ಬಾಗಿಲಲ್ಲೇ ನಿಂತು, "ಅಕ್ಕಾ, ಭಾವ ನಿನ್ನ ವನವಾಸಕ್ಕೆ ಕರ್ಕೊಂಡ್ ಬಂದ್ಬಿಟ್ರಲ್ಲೇ!" ಎಂದಳು. ಅಮ್ಮ ನಕ್ಕಳು. ಮಧ್ಯೆ ಕೆಮ್ಮದೆ ಪೂರ್ತಿ ನಕ್ಕಳು. ನನಗೆ ಅದೇ ಆ ದಿನದ ದೊಡ್ಡ ಸುದ್ದಿ.

ಮೊದಲ ಚಳಿಗಾಲದಲ್ಲಿ ಪಂಪು ಟಿವಿಯ ಮೇಲೆ ಧೂಳು ಹಿಡಿದು ಕೂತಿತ್ತು. ಅಮ್ಮ ಬೆಳಿಗ್ಗೆ ಎದ್ದು ಗುಡ್ಡದ ಬುಡದವರೆಗೂ ನಡೆದುಹೋಗಿ, ಸೆರಗಿನ ತುಂಬ ಎಂಥದೋ ಕಾಡುಹೂವು ಕಟ್ಟಿಕೊಂಡು ಬರುತ್ತಿದ್ದಳು. ರಂಗೋಲಿ ಹಾಕುವಾಗ ಹಾಡಿಕೊಳ್ಳುತ್ತಿದ್ದಳು. ಅಮ್ಮನಿಗೆ ಹಾಡಲು ಬರುತ್ತದೆಂದು ನನಗೆ ಗೊತ್ತಾದದ್ದೇ ಆಗ, ಇಪ್ಪತ್ತೈದು ದಾಟಿದ ಮೇಲೆ. ಅಪ್ಪನಂತೂ ಮನೆಗೆ ಬಂದವರನ್ನೆಲ್ಲ ತಾರಸಿಗೆ ಕರೆದೊಯ್ದು "ಹೆಂಗಿದೆ ಗಾಳಿ?" ಎಂದು ಕೇಳುತ್ತಿದ್ದರು. ಆ ಗಾಳಿಯನ್ನು ತಾವೇ ಫ್ಯಾಕ್ಟರಿಯಲ್ಲಿ ಮಾಡಿಸಿ ತಂದವರ ಹಾಗೆ.

ಗುಡ್ಡ ಹತ್ತಿ ಉರಿಯುತ್ತದೆ ಎಂದು ಸೈಟು ಮಾರುವಾಗ ಯಾರು ಹೇಳುತ್ತಾರೆ? ಫೆಬ್ರವರಿ ಕೊನೆಯ ಹೊತ್ತಿಗೆ ಹುಲ್ಲು ಒಣಗಿ ಹಳದಿಯಾಗಿತ್ತು. ನೀಲಗಿರಿ ಮರದ ಕೆಳಗೆ ಎಲೆ, ತೊಗಟೆ ಮೊಣಕಾಲುದ್ದ ಬಿದ್ದಿತ್ತು. ನಾನಾಗ ಪದ್ಮನಾಭನಗರದ ಒಂದು ಟ್ಯೂಷನ್ ಸೆಂಟರಿನಲ್ಲಿ ಹೈಸ್ಕೂಲು ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಿದ್ದೆ. ಒಂದು ಸಂಜೆ ಮನೆಗೆ ಬರುತ್ತಾ ನೋಡಿದರೆ ನಮ್ಮ ಬೀದಿಯವರೆಲ್ಲ ತಾರಸಿಯ ಮೇಲಿದ್ದಾರೆ. ಕುರ್ಚಿ ಹಾಕಿಕೊಂಡು, ಕಡಲೆಕಾಯಿ ಬಿಡಿಸಿಕೊಂಡು, ಗುಡ್ಡದ ಮೇಲೆ ಹರಿಯುತ್ತಿರುವ ಬೆಂಕಿಯ ಗೆರೆಯನ್ನು ನೋಡುತ್ತಿದ್ದಾರೆ. "ಮೇಡಂ, ದೀಪಾವಳಿ ಥರ ಸಖತ್ತಾಗಿದೆ ಅಲ್ವಾ?" ಎಂದು ಮೂರನೇ ಮನೆಯ ಅಂಕಲ್ ಕೂಗಿ ಕೇಳಿದರು. ನಾನು ಮನೆಯ ಕಡೆ ಓಡಿದೆ. ಅಮ್ಮ ಬಚ್ಚಲುಮನೆಯಲ್ಲಿ ಒದ್ದೆ ಟವೆಲ್ಲಿನಿಂದ ಮುಖ ಮುಚ್ಚಿಕೊಂಡು, ಮಂಡಿಗೆ ಕೈಯೂರಿ ಕೂತಿದ್ದಳು. ಭುಜ ಏರಿ ಇಳಿಯುತ್ತಿತ್ತು. ಸಿದ್ದಾಪುರದ ಮಂಚವೇ ನಮ್ಮ ಹಿಂದೆ ನಡೆದುಬಂದಂತಾಯಿತು.

ಮರುದಿನ ಅಪ್ಪ ಹಾಲಿನ ಅಕ್ಕನ ಮೇಲೆ ಹರಿಹಾಯ್ದರು. ಗುಡ್ಡದ ಆಚೆ ಬದಿಯ ಹಳ್ಳಿಯಾಕೆ. ಎರಡು ಹಸು ಕಟ್ಟಿಕೊಂಡು ನಮ್ಮ ಬೀದಿಗೆಲ್ಲ ಹಾಲು ಹಾಕುತ್ತಿದ್ದಳು.

"ಹೊಸ ಹುಲ್ಲು ಚಿಗುರಲಿ ಅಂತ ನಿಮ್ಮೂರೋರೇ ತಾನೆ ಹಚ್ಚೋದು?"

"ನಾವ್ಯಾಕೆ ಇಕ್ಕಾನ ಸ್ವಾಮಿ? ಯಾರೋ ಬೀಡಿ ಸೇದಿ ಎಸ್ದಿರ್ತಾರೆ. ನಮ್ ದನ ಮೇಯೋ ಜಾಗ ಅದು."

"ಎಲ್ಲಾ ಗೊತ್ತು ಬಿಡಮ್ಮ ನನಗೆ."

ಹಳ್ಳಿಯವರು ಹಚ್ಚಿರಲೂಬಹುದು, ಇಲ್ಲದಿರಲೂಬಹುದು. ಅಪ್ಪನಿಗೆ ಸಾಕ್ಷಿ ಬೇಕಿರಲಿಲ್ಲ. ಅಂದಿನಿಂದ ಬೀದಿಯಲ್ಲಿ ಯಾರು ಸಿಕ್ಕರೂ ಅದೇ ಮಾತು, ಹಳ್ಳಿಯವರಿಗೆ ಬುದ್ಧಿ ಇಲ್ಲ, ಬೆಂಕಿ ಜೊತೆ ಆಟ ಆಡ್ತಾರೆ ಎಂದು. ಹಾಲಿನ ಅಕ್ಕ ಮಾತು ಬೆಳೆಸದೆ ಹಾಲು ಅಳೆದುಕೊಟ್ಟು ಹೋಗುತ್ತಿದ್ದಳು. ಒಂದು ಸೌಟು ಜಾಸ್ತಿಯೇ ಹಾಕುತ್ತಿದ್ದಳು, ಅಮ್ಮನ ಮುಖ ನೋಡಿ.

ಅಪ್ಪ ಸುಮ್ಮನೆ ಬೈದುಕೊಂಡು ಕೂರುವ ಪೈಕಿಯಲ್ಲ. ನಮ್ಮ ಮನೆಗೂ ಗುಡ್ಡಕ್ಕೂ ನಡುವೆ ಮೂರು ಖಾಲಿ ಸೈಟುಗಳಿದ್ದವು. ಓನರುಗಳ ಮುಖವನ್ನು ನಾವ್ಯಾರೂ ಕಂಡಿರಲಿಲ್ಲ. ಸೊಂಟದುದ್ದ ಹುಲ್ಲು, ಪಾರ್ಥೇನಿಯಂ, ಲಂಟಾನ. ಗುಡ್ಡದ ಬೆಂಕಿ ಇಳಿದುಬಂದರೆ ಇದೇ ದಾರಿಯಾಗಿ ಮನೆಗೆ ಬರುತ್ತದೆ. ಅದಕ್ಕೆ ಮುಂಚೆ ನಾವೇ ಇದನ್ನು ಸುಟ್ಟು ಬೋಳು ಮಾಡಿಬಿಟ್ಟರೆ ಬೆಂಕಿಗೆ ತಿನ್ನಲು ಏನೂ ಉಳಿಯುವುದಿಲ್ಲ ಎಂದು ಅಪ್ಪ ಲೆಕ್ಕ ಹಾಕಿದರು. ಲೆಕ್ಕ ಸರಿಯಾಗಿಯೇ ಇತ್ತು. ಇಬ್ಬನಿ ಆರುವ ಮುಂಚೆ, ಗಾಳಿ ಏಳುವ ಮುಂಚೆ, ಬೆಳಗಿನ ಹೊತ್ತು ಹಚ್ಚುವುದು. ನೀರಿನ ಟ್ಯಾಂಕರ್ ತರಿಸಿಟ್ಟುಕೊಳ್ಳುವುದು. ಸುತ್ತ ನೆನೆಸಿದ ಗೋಣಿಚೀಲ ಹಿಡಿದು ಬೀದಿಯ ಗಂಡಸರು ನಿಲ್ಲುವುದು. ಅಮ್ಮ ಅಷ್ಟು ಹೊತ್ತು ಕಿಟಕಿ ಹಾಕಿಕೊಂಡು ಒಳಗಿರುವುದು.

ಒಂದೇ ತೊಡಕು. ನಡುವಿನ ಸೈಟಿನಲ್ಲಿ ಒಂದು ಹುತ್ತವಿತ್ತು. ಅದರಲ್ಲಿ ನಾಗರಹಾವಿತ್ತು, ಅರ್ಧ ಬೀದಿ ಅದನ್ನು ಕಂಡಿತ್ತು. ಹೇಳದೆ ಕೇಳದೆ ಹುತ್ತದ ಜಾಗಕ್ಕೆ ಬೆಂಕಿ ಹಾಕಿದರೆ ದೋಷ ಸುತ್ತಿಕೊಳ್ಳುತ್ತದೆ ಎಂದು ಹೆಂಗಸರೆಲ್ಲ ಗಲಾಟೆ ಮಾಡಿದರು. ಹಾಗಾಗಿ ಹೇಳುವ ಕೆಲಸ ಅಮ್ಮನಿಗೆ ಬಂತು. ಮುಂದಿನ ವರ್ಷ ಹುಲ್ಲು ಒಣಗಿದಾಗ, ಬೆಂಕಿ ಹಾಕುವ ಹಿಂದಿನ ಸಂಜೆ ಅರಿಸಿನ ಕುಂಕುಮ ಇಟ್ಟು, ಹಾಲೆರೆದು, ಅಮ್ಮ ಹುತ್ತದ ಮುಂದೆ ಬಗ್ಗಿ ನಿಂತು, ಮನೆಯವರ ಜೊತೆ ಮಾತಾಡುವ ದನಿಯಲ್ಲೇ ಹೇಳಿದಳು: "ನಾಳೆ ಇಲ್ಲಿ ಬೆಂಕಿ ಹಾಕ್ತಾರೆ. ಬೇಜಾರು ಮಾಡ್ಕೋಬೇಡ. ಸ್ವಲ್ಪ ಆ ಕಡೆ ಹೋಗಿರಪ್ಪ." ಹೇಳುತ್ತಾ ಕೈ ನೀಡಿ ಗುಡ್ಡ ತೋರಿಸಿದಳು.

"ಏನಮ್ಮಾ, ನಾಗಪ್ಪನಿಗೆ ನೋಟಿಸ್ ಕೊಟ್ಯಾ?" ಎಂದು ನಾನು ರೇಗಿಸಿದೆ.

"ನಗಬೇಡ. ಮನೆ ಬಿಡಿಸೋ ಮುಂಚೆ ಯಾರಿಗಾದ್ರೂ ಒಂದು ಮಾತು ಹೇಳ್ಬೇಕು. ಸಿದ್ದಾಪುರದ ಓನರು ನಮಗೆ ಹೇಳಿರ್ಲಿಲ್ವಾ?"

ಮೊದಲ ವರ್ಷ ಎಲ್ಲವೂ ಅಪ್ಪ ಹೇಳಿದಂತೆಯೇ ನಡೆಯಿತು. ಕಾಫಿ ಕುಡಿಯುವಷ್ಟರಲ್ಲಿ ಮೂರು ಸೈಟೂ ಕರ್ರಗಾದವು. ಹಾವು ಗುಡ್ಡದ ಕಡೆ ಹರಿದುಹೋದದ್ದನ್ನು ಮೂರನೇ ಮನೆಯ ಅಂಕಲ್ ಕಣ್ಣಾರೆ ಕಂಡರು, ಮಳೆ ಬಿದ್ದ ಮೇಲೆ ಅದು ಹುತ್ತಕ್ಕೆ ಮರಳಿದ್ದನ್ನು ಅಮ್ಮ ಕಂಡಳು. ಆ ಬೇಸಿಗೆ ಗುಡ್ಡ ಮತ್ತೆ ಹತ್ತಿಕೊಂಡು ಬೆಂಕಿ ನಮ್ಮ ಕಡೆ ಇಳಿದಾಗ, ಸೈಟಿನ ಅಂಚಿಗೆ ಬಂದು ತಾನಾಗಿಯೇ ಆರಿತು. ಹೊಗೆ ಬಂತು, ಆದರೆ ಅಮ್ಮ ತಡೆದುಕೊಂಡಳು. ಅಪ್ಪನ ಮೀಸೆ ಒಂದು ವಾರ ಕೆಳಗಿಳಿಯಲಿಲ್ಲ.

ಮರುವರ್ಷ ಎರಡನೇ ಶನಿವಾರ ನೋಡಿ ದಿನ ಗೊತ್ತು ಮಾಡಿದರು, ಎಲ್ಲರಿಗೂ ರಜೆ. ಹಿಂದಿನ ಸಂಜೆ ಅಮ್ಮ ಹಾಲೆರೆದು, ಕೈ ನೀಡಿ ಗುಡ್ಡ ತೋರಿಸಿ, ಹೇಳುವುದನ್ನು ಹೇಳಿ ಬಂದಳು. ಬೆಳಿಗ್ಗೆ ಗಂಡಸರೆಲ್ಲ ಗೋಣಿಚೀಲ ನೆನೆಸಿಕೊಂಡು ನಿಂತರು. ಟ್ಯಾಂಕರ್ ಬರಲಿಲ್ಲ. ಫೋನು ಮಾಡಿದರೆ "ಬಂದೆ ಸಾರ್, ದಾರೀಲಿದೀನಿ" ಅನ್ನುತ್ತಾನೆ. ಅಂತೂ ಅವನು ಬಂದು ನಿಲ್ಲುವಷ್ಟರಲ್ಲಿ ಬಿಸಿಲು ಸೈಟಿಗೆ ಇಳಿದಿತ್ತು. ಅಪ್ಪ ಕಡ್ಡಿಪೆಟ್ಟಿಗೆ ತೆಗೆದವರು, ಗಡಿಯಾರ ನೋಡಿ ಮತ್ತೆ ಜೇಬಿಗಿಟ್ಟರು.

"ರಾಹುಕಾಲ ಬಂದ್ಬಿಡ್ತು. ಕಳೀಲಿ."

ನಾನು ಹುಲ್ಲು ಮುಟ್ಟಿ ನೋಡಿದೆ. "ಅಪ್ಪಾ, ಇಬ್ಬನಿ ಆಗ್ಲೇ ಆರ್ತಾ ಇದೆ. ಈಗ ಹಚ್ಚಿ, ಇಲ್ಲಾಂದ್ರೆ ನಾಳೆ ಬೆಳಿಗ್ಗೆ ನೋಡೋಣ."

"ನಾಳೆ ಟ್ಯಾಂಕರ್ ಎಲ್ಲಿ ಸಿಗುತ್ತೆ? ಹುತ್ತದ ಜಾಗ ಇದು. ರಾಹುಕಾಲದಲ್ಲಿ ಬೆಂಕಿ ಇಟ್ಟು ನಿಮ್ಮಮ್ಮನ ತಲೆ ಮೇಲೆ ತಂದ್ಕೊಳ್ಳಾ?"

ಅಷ್ಟೂ ಗಂಡಸರಲ್ಲಿ ಒಬ್ಬರಾದರೂ ನನ್ನ ಮಾತಿಗೆ ಹೂಂ ಅನ್ನಲಿಲ್ಲ. ಬ್ಯಾಂಕಿನವರಿದ್ದರು, ಇಂಜಿನಿಯರಿದ್ದರು, ಕಾಲೇಜಿನಲ್ಲಿ ಪಾಠ ಮಾಡುವವರಿದ್ದರು. "ಸಾರ್ ಹೇಳೋದು ಸರಿ ಕಣಮ್ಮ, ಒಂದು ಗಳಿಗೆ ಕಾದ್ರೆ ಏನಾಗುತ್ತೆ?" ಎಂದರು. ಬೆಂಕಿಯ ಜೊತೆ ಆಟವಾಡುವ ಬುದ್ಧಿಯಿಲ್ಲದವರ ಬಗ್ಗೆ ಎರಡು ವರ್ಷ ಭಾಷಣ ಕೇಳಿದ್ದವರು ಇವರೇ. ಅಮ್ಮ ಅಷ್ಟೂ ಜನಕ್ಕೆ ಉಪ್ಪಿಟ್ಟು ಮಾಡಿದಳು. ನಮ್ಮ ಜಗಲಿಯಲ್ಲಿ ಕೂತು ಎಲ್ಲರೂ ಉಪ್ಪಿಟ್ಟು ತಿಂದರು, ಎರಡೆರಡು ಲೋಟ ಕಾಫಿ ಕುಡಿದರು, ಕ್ರಿಕೆಟ್ಟು ಮಾತಾಡಿದರು. ಹುಲ್ಲಿನ ಮೇಲಿನ ಕೊನೆಯ ಹನಿ ಅಷ್ಟರಲ್ಲಿ ಆರಿಹೋಗಿತ್ತು.

ರಾಹುಕಾಲ ಕಳೆದ ಮೇಲೆ, ಕರ್ಪೂರ ಹಚ್ಚಿ ಕೈಮುಗಿದು, ಅಪ್ಪ ಕಡ್ಡಿ ಗೀರಿದರು.

ಮೊದಲ ಸೈಟು ಮಾಮೂಲಿನಂತೆ ಉರಿಯಿತು. ನಡುವಿನ ಸೈಟಿಗೆ ಬೆಂಕಿ ಬರುವ ಹೊತ್ತಿಗೆ ಗಾಳಿ ಎದ್ದಿತು. ಎದ್ದಿತು ಅಂದರೆ ಬಿರುಗಾಳಿಯಲ್ಲ. ಆ ಹೊತ್ತಿಗೆ ದಿನಾ ಏಳುವ ಗಾಳಿಯೇ, ಅಮ್ಮನ ಸೀರೆ ಒಣಗಿಸುವ ಗಾಳಿ. ಬೆಂಕಿ ನೆಟ್ಟಗೆ ನಿಂತಿದ್ದದ್ದು ಗುಡ್ಡದ ಕಡೆ ಮಲಗಿತು. ಗೋಣಿಚೀಲ ಹಿಡಿದವರು ಒಂದೆರಡು ಸಲ ಬಡಿದರು, ಆಮೇಲೆ ಹಿಂದೆ ಸರಿದರು, ಆಮೇಲೆ ಓಡಿದರು. ಟ್ಯಾಂಕರಿನ ಪೈಪು ಮೂರನೇ ಸೈಟಿನ ಅರ್ಧಕ್ಕೂ ಎಟುಕಲಿಲ್ಲ. ನೋಡನೋಡುತ್ತಿದ್ದಂತೆ ಬೆಂಕಿ ಲಂಟಾನದ ಬೇಲಿ ಹಾರಿ ಗುಡ್ಡ ಹತ್ತಿತು. ನೀಲಗಿರಿಯ ತೊಗಟೆಗೆ ತಗಲಿದಾಗ ಆದ ಸದ್ದನ್ನು ನಾನು ಮರೆತಿಲ್ಲ. ಎಣ್ಣೆಗೆ ಹಸಿಹಿಟ್ಟು ಬಿದ್ದಂಥ ಸದ್ದು, ಗುಡ್ಡದ ಅಗಲಕ್ಕೂ.

ಆಚೆ ಬದಿಯಿಂದ ಹಳ್ಳಿಯವರು ಓಡಿಬಂದರು. ಹಸಿ ಕೊಂಬೆ ಮುರಿದುಕೊಂಡು, ಮುಖಕ್ಕೆ ಟವೆಲ್ಲು ಕಟ್ಟಿಕೊಂಡು ಬೆಂಕಿ ಬಡಿಯತೊಡಗಿದರು. ನಮ್ಮ ಬೀದಿಯ ಗಂಡಸರಲ್ಲಿ ಕೆಲವರು ಅವರ ಜೊತೆ ಸೇರಿದರು, ಕೆಲವರು ಮನೆಗೆ ಹೋಗಿ ಗೇಟು ಹಾಕಿಕೊಂಡರು. ಫೈರ್ ಇಂಜಿನ್ನೂ ಬಂತು. ಗುಡ್ಡಕ್ಕೆ ದಾರಿ ಇಲ್ಲದೆ ಕೆಳಗೇ ನಿಂತಿತು. ಅಪ್ಪ ಸೈಟಿನ ನಡುವೆ, ಕೈಯಲ್ಲಿ ಇನ್ನೂ ಕಡ್ಡಿಪೆಟ್ಟಿಗೆ ಹಿಡಿದು, ಮೇಲೆ ನೋಡುತ್ತಾ ನಿಂತಿದ್ದರು. ಹಾಲಿನ ಅಕ್ಕ ಹೊಗೆಯೊಳಗಿಂದ ಅವರ ಮುಂದೆ ಬಂದು ನಿಂತಾಗ, ಈಗ ಬೈಗುಳ ಬೀಳುತ್ತದೆ, ಬೀಳಲಿ ಎಂದುಕೊಂಡೆ.

"ಅಮ್ಮಾವ್ರು ಎಲ್ಲಿ ಸ್ವಾಮಿ?" ಎಂದಳು ಅವಳು.

ಅಪ್ಪ ನನ್ನ ಮುಖ ನೋಡಿದರು. ಅವರು ಅಷ್ಟು ಹೊತ್ತೂ ಅಮ್ಮನನ್ನು ಮರೆತಿದ್ದರು. ನಾನೂ ಮರೆತಿದ್ದೆ.

ಅಷ್ಟರಲ್ಲಿ ಗಾಳಿ ತಿರುಗಿ ಗುಡ್ಡದ ಹೊಗೆ ಬೀದಿಯ ಮೇಲೆ ಕವಿದಿತ್ತು. ಅಮ್ಮ ಅಡುಗೆಮನೆಯ ನೆಲದ ಮೇಲೆ, ತೊಳೆಯದ ಉಪ್ಪಿಟ್ಟಿನ ತಟ್ಟೆಗಳ ನಡುವೆ ಕೂತಿದ್ದಳು. ತುಟಿ ನೀಲಿಯಾಗಿತ್ತು. ಪಂಪು ಖಾಲಿಯಾಗಿತ್ತು. ನಾನೂ ಹಾಲಿನ ಅಕ್ಕನೂ ಅವಳನ್ನು ಎತ್ತಿ ನಡೆಸಿಕೊಂಡು ಮುಖ್ಯರಸ್ತೆಯವರೆಗೆ ತಂದೆವು. ಹೊಗೆಗೆ ಹೆದರಿ ಆಟೋದವರು ಬೀದಿಯೊಳಗೆ ಬರಲಿಲ್ಲ.

ನರ್ಸಿಂಗ್ ಹೋಮಿನಲ್ಲಿ ಮೂಗಿಗೆ ಮಾಸ್ಕ್ ಹಾಕಿ ಮಲಗಿಸಿದರು. ಸಂಜೆ ಕಣ್ಣು ಬಿಟ್ಟಾಗ ಅಮ್ಮ ನನ್ನ ಕಡೆ ತಿರುಗಿ ಒಂದು ಸನ್ನೆ ಮಾಡಿದಳು. ಅಂಗೈಯನ್ನು ನೆಟ್ಟಗೆ ನಿಲ್ಲಿಸಿ, ಬೆರಳುಗಳನ್ನು ಮುಂದಕ್ಕೆ ಬಾಗಿಸಿ, ಸ್ವಲ್ಪ ಆಡಿಸಿದಳು. ಅಮ್ಮನ ಅಷ್ಟೂ ಸನ್ನೆಗಳಲ್ಲಿ ಇದನ್ನು ನಾನು ಕಂಡಿರಲಿಲ್ಲ. ನೀರಾ? ಅಪ್ಪನಾ? ಕಿಟಕಿಯಾ? ಎಲ್ಲಕ್ಕೂ ಅಲ್ಲ ಎಂದು ತಲೆಯಾಡಿಸಿದಳು. ಮತ್ತೆ ಅದನ್ನೇ ಮಾಡಿದಳು. ಆಗ ತಿಳಿಯಿತು, ಅದು ಹೆಡೆ. ಹೋಯಿತಾ ಎಂದು ಕೇಳುತ್ತಿದ್ದಳು.

"ಹೋಗಿರುತ್ತೆ ಅಮ್ಮಾ. ನೀನು ಹೇಳಿದ್ದೆಯಲ್ಲ," ಎಂದೆ.

ಮಳೆ ಬೀಳುವವರೆಗೂ ಆ ಮನೆಗೆ ಕರೆದೊಯ್ಯಬೇಡಿ ಎಂದರು ಡಾಕ್ಟರು. ಎಲ್ಲಿಗೆ ಕರೆದೊಯ್ಯುವುದು? ಸಿದ್ದಾಪುರಕ್ಕೇ, ಚಿಕ್ಕಮ್ಮನ ಮನೆಗೆ, ನಾವು ಬಿಟ್ಟುಬಂದ ಅದೇ ಗಲ್ಲಿಗೆ. ಬೋಂಡದ ಅಂಗಡಿಯಿದ್ದ ಕಡೆ ಈಗ ಮೊಬೈಲು ರೀಚಾರ್ಜ್ ಅಂಗಡಿಯಾಗಿತ್ತು, ಊದುಬತ್ತಿಯವರು ಮನೆ ಖಾಲಿ ಮಾಡಿದ್ದರು, ಗ್ಯಾರೇಜಿಗೆ ಬೀಗ ಬಿದ್ದಿತ್ತು. ಅಮ್ಮ ಅಲ್ಲಿ ಆರಾಮಾಗಿ ಉಸಿರಾಡಿದಳು. ಅದನ್ನು ನೋಡಿ ನನಗೆ ನೆಮ್ಮದಿಯಾಗುವ ಬದಲು ಮೈಯೆಲ್ಲ ಉರಿಯಿತು. ಅಪ್ಪನ ಜೊತೆ ನಾನು ಎಷ್ಟೋ ದಿನ ಸರಿಯಾಗಿ ಮಾತಾಡಲಿಲ್ಲ. ಅವರೂ ಬೀದಿಯಲ್ಲಿ ಯಾರ ಹತ್ತಿರವೂ ನಿಂತು ಮಾತಾಡುವುದನ್ನು ಬಿಟ್ಟರು. ತಾರಸಿಯ ಗಾಳಿಯ ಸುದ್ದಿ ಎತ್ತಲಿಲ್ಲ.

ಒಂದು ಬೆಳಿಗ್ಗೆ ಹಾಲಿನ ಅಕ್ಕ ಹಾಲು ಹಾಕಿದ ಮೇಲೂ ಗೇಟಿನಲ್ಲೇ ನಿಂತಳು.

"ಸ್ವಾಮಿ, ಒಂದ್ ಕಿತ ಮ್ಯಾಕ್ ಬನ್ನಿ. ನಮ್ ಹೈಕ್ಳು ಏನೋ ಕಂಡವ್ರೆ."

ಅಪ್ಪನೂ ನಾನೂ ಅವಳ ಹಿಂದೆ ಗುಡ್ಡ ಹತ್ತಿದೆವು. ಹೆಜ್ಜೆಯಿಟ್ಟಲ್ಲೆಲ್ಲ ಬೂದಿ ಏಳುತ್ತಿತ್ತು. ಬೇಲಿಯಿಂದ ಬಹಳ ದೂರವೇನಿಲ್ಲ, ಒಂದು ಬಂಡೆಯ ಸಂದಿನ ಬಾಯಲ್ಲಿ ಅದು ಬಿದ್ದಿತ್ತು. ಸುಟ್ಟು ಸುರುಟಿದ್ದರೂ ನಾಗರಹಾವೆಂದು ಗೊತ್ತಾಗುವಷ್ಟು ಉಳಿದಿತ್ತು. ತಲೆ ಸಂದಿನೊಳಗಿತ್ತು. ಇನ್ನೊಂದು ಮಾರು ಹರಿದಿದ್ದರೆ ಬದುಕುತ್ತಿತ್ತೋ ಏನೋ.

ಸತ್ತ ನಾಗರಹಾವನ್ನು ಹಾಗೇ ಬಿಡುವಂತಿಲ್ಲ. ಮನುಷ್ಯರಿಗೆ ಮಾಡುವಂತೆ ಸಂಸ್ಕಾರ ಮಾಡಿ ಸುಡಬೇಕು. ಅಪ್ಪ ಕೆಳಗೆ ಹೋಗಿ ತುಪ್ಪ, ಗಂಧದ ಚೂರು, ಕರ್ಪೂರ, ಬಿಳಿಬಟ್ಟೆ ಎಲ್ಲಾ ತಂದರು. ಒಣಕಡ್ಡಿಗೆ ಬೇಲಿಯ ಈಚೆ ಹುಡುಕಬೇಕಾಯಿತು, ಗುಡ್ಡದ ಮೇಲೆ ಒಂದೂ ಉಳಿದಿರಲಿಲ್ಲ. ಎಲ್ಲ ಜೋಡಿಸಿ ಅಪ್ಪ ಕಡ್ಡಿಪೆಟ್ಟಿಗೆ ತೆಗೆದರು. ಕಡ್ಡಿ ಹಿಡಿದ ಕೈ ಪೆಟ್ಟಿಗೆಯ ಹತ್ತಿರ ಹೋಯಿತು, ಅಲ್ಲೇ ನಿಂತಿತು. ಸುತ್ತಲೂ ಸುಡಲು ಇನ್ನೇನೂ ಉಳಿದಿಲ್ಲ, ಎಲ್ಲ ಕರಿನೆಲ. ಆದರೂ ಅಪ್ಪನಿಗೆ ಗೀರಲಾಗಲಿಲ್ಲ. ಬಹಳ ಹೊತ್ತು ಕುಕ್ಕರಗಾಲಲ್ಲಿ ಕೂತಿದ್ದರು. ಕೊನೆಗೆ ಹಾಲಿನ ಅಕ್ಕ, "ಮಣ್ ಮಾಡಾನ ಬಿಡಿ ಸ್ವಾಮಿ, ಅದೂ ಮಣ್ಣಿಗೆ ಸೇರಿದ್ದೇ" ಎಂದಳು. ಮೂವರೂ ಸೇರಿ ಗುಂಡಿ ತೋಡಿ ಹೂತೆವು. ಅವಳು ಕ್ಯಾನಿನಲ್ಲಿ ಉಳಿದಿದ್ದ ಹಾಲನ್ನು ಅದರ ಮೇಲೆ ಸುರಿದಳು. ನನ್ನ ಸಿಟ್ಟು ಅಲ್ಲೇ ಅರ್ಧ ಕರಗಿತು. ಅಪ್ಪ ಅಷ್ಟು ಮುದುಕರಾಗಿ ನನಗೆ ಯಾವತ್ತೂ ಕಂಡಿರಲಿಲ್ಲ.

ಎರಡು ಮೂರು ಮಳೆ ಬಿದ್ದು ಗುಡ್ಡ ಹಸಿರಾದ ಮೇಲೆ ಅಮ್ಮ ಬಂದಳು. ಬಂದ ಸಂಜೆಯೇ ಹಾಲಿನ ಗಿಂಡಿ ಹಿಡಿದು ಹುತ್ತದ ಹತ್ತಿರ ಹೋದಳು. ಬೆಂಕಿಯಲ್ಲಿ ಬೆಂದು ಹುತ್ತ ಇಟ್ಟಿಗೆಯಂತೆ ಕೆಂಪಗೆ ಗಟ್ಟಿಯಾಗಿತ್ತು. ಎರೆದ ಹಾಲು ಒಳಗೆ ಇಳಿಯದೆ ಪಕ್ಕದಲ್ಲೇ ಹರಿದುಹೋಯಿತು. ಆಗ ಅಪ್ಪ ಹೇಳಲೇಬೇಕಾಯಿತು.

"ಎಲ್ಲಿ ಸಿಕ್ತು ರೀ?" ಎಂದು ಕೇಳಿದಳು ಅಮ್ಮ.

ಅಪ್ಪ ಕೈ ನೀಡಿ ಗುಡ್ಡ ತೋರಿಸಿದರು.

"ನಾನು ಹೇಳಿದ ಕಡೆಗೇ ಹೋಗಿದೆ," ಎಂದಳು. ಅಪ್ಪನನ್ನು ಬೈಯಲಿಲ್ಲ, ಅಳಲಿಲ್ಲ. ಮಾರನೆಯ ದಿನದಿಂದ ರಂಗೋಲಿ ಹಾಕುವಾಗ ಹಾಡುವುದನ್ನು ನಿಲ್ಲಿಸಿದಳು, ಅಷ್ಟೇ. ದಮ್ಮಿಗೆ ನಿಲ್ಲಿಸಿದಳೋ ದುಃಖಕ್ಕೋ, ಕೇಳುವ ಧೈರ್ಯ ನಮಗಿಬ್ಬರಿಗೂ ಆಗಲಿಲ್ಲ.

ಮುಂದಿನ ಶಿವರಾತ್ರಿ ಹತ್ತಿರ ಬಂತು. ಹುಲ್ಲು ಮತ್ತೆ ಸೊಂಟದುದ್ದ ಬೆಳೆದು ಒಣಗಿತ್ತು. ಅಪ್ಪ ಚಿಕ್ಕಮ್ಮನಿಗೆ ಫೋನು ಮಾಡಿ, ಅಮ್ಮನ ಸೀರೆ, ಹೊಸ ಪಂಪು, ಬಿಸಿನೀರಿನ ಫ್ಲಾಸ್ಕು ಎಲ್ಲ ತಾವೇ ಬ್ಯಾಗಿಗೆ ತುಂಬಿದರು. ಒಂದು ಶನಿವಾರ ಬೆಳಿಗ್ಗೆ ಆ ಬ್ಯಾಗನ್ನು ಬಾಗಿಲ ಹತ್ತಿರ ತಂದಿಟ್ಟು, ಅಮ್ಮನ ಮುಖ ನೋಡದೆ ಹೇಳಿದರು: "ಮಳೆ ಬರೋವರೆಗೂ ಸ್ವಲ್ಪ ಆ ಕಡೆ ಹೋಗಿರು."

ಅಮ್ಮ ಹೂ ಕಟ್ಟುತ್ತಿದ್ದಳು. ಕೈ ನಿಂತಿತು.

"ನಾನು ಹೋಗಲ್ಲ," ಎಂದಳು. "ಮಾತು ಕೇಳಿ ಹೋದೋರ ಗತಿ ನೋಡಿದ್ದೀನಿ."

ಹೊರಗೆ ಆಟೋದವನು ಹಾರನ್ ಹೊಡೆಯುತ್ತಿದ್ದ. ಅಪ್ಪ ಹೋಗಿ ಅವನನ್ನು ಕಳಿಸಿ ಬಂದರು. ಬ್ಯಾಗನ್ನು ಎತ್ತಿ ಒಳಗಿಟ್ಟರು. ಆಮೇಲೆ ಹಿತ್ತಲಿಗೆ ಹೋಗಿ ಕುಡುಗೋಲು ಹಿಡಿದುಕೊಂಡು, ತಲೆಗೆ ಟವೆಲ್ಲು ಸುತ್ತಿಕೊಂಡು, ಬಿಸಿಲಲ್ಲಿ ಹುತ್ತದ ಸೈಟಿಗೆ ಇಳಿದರು. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ. ರಾಹುಕಾಲ ಶುರುವಾಗಿತ್ತು. ಅಪ್ಪ ಬಗ್ಗಿ ಒಂದೊಂದೇ ಹಿಡಿ ಹುಲ್ಲು ಕೊಯ್ಯತೊಡಗಿದರು. ಮೂರು ಸೈಟು, ಒಬ್ಬ ಮುದುಕ. ಗುಡ್ಡ ಹತ್ತಿಕೊಳ್ಳುವ ಮುಂಚೆ ಮುಗಿಯುವ ಕೆಲಸವಲ್ಲ.

ಪಂಪನ್ನು ಮುಷ್ಟಿಯಲ್ಲಿ ಹಿಡಿದು ಅಮ್ಮ ಕಿಟಕಿಯಿಂದ ನೋಡುತ್ತಿದ್ದಳು. ಸ್ವಲ್ಪ ಹೊತ್ತಾದ ಮೇಲೆ ಅಂಗೈಯನ್ನು ಎರಡು ಸಲ ಬೀಸಿದಳು. ಉಸಿರು ಚೆನ್ನಾಗಿಯೇ ಇತ್ತು, ಬಾಯಿ ಬಿಟ್ಟು ಹೇಳಬಹುದಿತ್ತು. ನಾನು ಚಪ್ಪಲಿ ಮೆಟ್ಟಿಕೊಂಡು ಅಪ್ಪನನ್ನು ಕರೆಯಲು ಹೋದೆ. ಅವರು ಬರಲಿಲ್ಲ. ನಾನೂ ಅಲ್ಲೇ ಬಗ್ಗಿ ಹುಲ್ಲು ಕೀಳತೊಡಗಿದೆ.